ದಿಣ್ಣೆ ಇಳಿಯುವ ಮುನ್ನ

ಬಸವನಗುಡಿಯಲ್ಲಿ ಹಳಬರೊಬ್ಬರು ಮನೆ ಖಾಲಿ ಮಾಡಿ ಹೊರಡುವುದೆಂದರೆ ಅದಕ್ಕೊಂದು ಕ್ರಮವಿದೆ. ಮೊದಲು ಅಟ್ಟದ ಮೇಲಿನ ಹಳೆಯ ಪತ್ರಿಕೆಗಳ ಕಟ್ಟುಗಳು ತಕ್ಕಡಿಯವನ ಗಾಡಿ ಹತ್ತುತ್ತವೆ. ಆಮೇಲೆ ಒರಳುಕಲ್ಲು ಯಾರಿಗೆ ಎಂಬ ಚರ್ಚೆ ನಡೆಯುತ್ತದೆ. ತುಳಸಿಕಟ್ಟೆಯನ್ನು ಏನು ಮಾಡಬೇಕೆಂದು ಪುರೋಹಿತರನ್ನು ಕೇಳುತ್ತಾರೆ. ಅಕ್ಕಪಕ್ಕದವರು ಸರದಿಯ ಮೇಲೆ ಊಟಕ್ಕೆ ಕರೆಯುತ್ತಾರೆ. ಗಾಂಧಿಬಜಾರಿನ ಹೂವಿನವಳಿಗೂ ಕಾಫಿಪುಡಿ ಅಂಗಡಿಯವರಿಗೂ ಹೇಳಿ ಬರುವುದು ಕೊನೆಯ ವಾರದ ಕೆಲಸ. ಕಳೆದ ಕಾರ್ತಿಕದಲ್ಲಿ ಮನೆ ಬಿಟ್ಟ ನಿವೃತ್ತ ಬ್ಯಾಂಕ್ ನೌಕರರೊಬ್ಬರು ಈ ಪಟ್ಟಿಗೆ ಇನ್ನೊಂದನ್ನು ಸೇರಿಸಿದರು. ಮೂವರು ಹಳೆಯ ಗೆಳೆಯರ ಜೊತೆ ಒಂದು ಬೆಟ್ಟ ಹತ್ತಬೇಕು ಎಂಬುದೇ ಅದು.

ಅವರು ಹೊರಟಿದ್ದು ಪರದೇಶಕ್ಕೇನಲ್ಲ, ವರ್ತೂರಿನ ಕಡೆಗೆ. ತಂದೆ ಕಟ್ಟಿಸಿದ ಹೆಂಚಿನ ಮನೆ ಅಣ್ಣತಮ್ಮಂದಿರ ಪಾಲಿಗೆ ಬಂದು, ಪಾಲು ಮಾಡಲಾಗದೆ ಮಾರಾಟವಾಯಿತು. ಮಗಳ ಅಪಾರ್ಟ್‌ಮೆಂಟಿನಲ್ಲಿ ಹನ್ನೊಂದನೆಯ ಮಹಡಿಯ ಒಂದು ಕೋಣೆ ಸಿದ್ಧವಾಯಿತು. ‘ಅದೂ ಬೆಂಗಳೂರೇ ಅಲ್ವೇನ್ರೀ?’ ಎಂದು ಕೇಳಿದವರಿಗೆ ಅವರ ಶ್ರೀಮತಿಯವರ ಉತ್ತರ ಸಿದ್ಧವಿತ್ತು: ‘ಅಮೆರಿಕಕ್ಕೆ ಹೋದೋರು ಎರಡು ವರ್ಷಕ್ಕೊಂದ್ಸಲ ಬಂದು ಹೋಗ್ತಾರೆ. ವರ್ತೂರಿಗೆ ಹೋದೋರನ್ನ ಮತ್ತೆ ಯಾರು ನೋಡಿದಾರೆ ಹೇಳಿ!’

ಉಳಿದ ಮೂವರನ್ನೂ ಗಾಂಧಿಬಜಾರಿನಲ್ಲಿ ಹೆಸರಿಗಿಂತ ಕೆಲಸದಿಂದಲೇ ಗುರುತಿಸುತ್ತಾರೆ. ಒಬ್ಬರು ಎ.ಜಿ. ಆಫೀಸಿನವರು, ಇನ್ನೊಬ್ಬರು ಗಣಿ ಮತ್ತು ಭೂವಿಜ್ಞಾನ ಇಲಾಖೆಯಿಂದ ನಿವೃತ್ತರಾದವರು, ಮೂರನೆಯವರು ಚಾಮರಾಜಪೇಟೆಯಲ್ಲಿ ಅಚ್ಚುಕೂಟ ಇಟ್ಟಿದ್ದವರು. ನಾಲ್ವರೂ ನ್ಯಾಷನಲ್ ಕಾಲೇಜಿನಲ್ಲಿ ಒಟ್ಟಿಗೆ ಓದಿದವರು. ಹೊರಗಿನವರ ಮುಂದೆ ಒಬ್ಬರನ್ನೊಬ್ಬರು ‘ಬಹಳ ದೊಡ್ಡ ಮನುಷ್ಯರು’ ಎಂದು ಪರಿಚಯಿಸಿ, ಬೆನ್ನು ತಿರುಗಿಸಿದೊಡನೆ ‘ಲೋ’, ‘ಬಾರೋ’ ಎನ್ನುವ ಸ್ನೇಹ. 1962ರಲ್ಲಿ ಆರಂಭವಾದ ಬೆಂಗಳೂರು ಸೈನ್ಸ್ ಫೋರಂನ ಬುಧವಾರದ ಉಪನ್ಯಾಸಗಳಿಗೆ ಆಗ ತಪ್ಪದೆ ಹೋಗುತ್ತಿದ್ದರು. ಭಾನುವಾರವಾದರೆ ಬೆಟ್ಟ. ಶಿವಗಂಗೆ, ಸಾವನದುರ್ಗ, ರೈಲಿನಲ್ಲಿ ಹೋಗಿ ಇಳಿದರೆ ಎದುರಿಗೇ ನಿಂತಿರುವ ಮಾಕಳಿದುರ್ಗ, ಬೆಳದಿಂಗಳಿನಲ್ಲಿ ಮೆಟ್ಟಿಲು ಹತ್ತಿದ ನಂದಿ.

ಆದ್ದರಿಂದ ವಿದಾಯಕ್ಕೆ ನಂದಿಯ ಸಾಲನ್ನೇ ಆರಿಸಿದ್ದರು. ಆದರೆ ಒಬ್ಬರ ಮಂಡಿ, ಇನ್ನೊಬ್ಬರ ಹೃದಯದ ಶಸ್ತ್ರಚಿಕಿತ್ಸೆ, ಮೂರನೆಯವರ ಮಗನ ಕಣ್ಗಾವಲು ಎಲ್ಲವೂ ಅಡ್ಡ ಬಂದವು. ವೈದ್ಯರು ‘ಸಮತಟ್ಟು ನೆಲದಲ್ಲಿ ಎಷ್ಟು ಬೇಕಾದರೂ ನಡೆಯಿರಿ’ ಎಂದುಬಿಟ್ಟರು. ಆಗ ಇಲಾಖೆಯವರು ಹೇಳಿದರು: ‘ಬೆಟ್ಟದ ಸಾಲು ಹುಡುಕ್ಕೊಂಡು ನಂದಿಗ್ಯಾಕೆ ಹೋಗ್ಬೇಕು? ಹುಟ್ಟಿದಾಗಿನಿಂದ ಒಂದರ ಮೇಲೇ ಕೂತಿದೀವಲ್ಲ.’

ಮಾತು ತಮಾಷೆಯದಲ್ಲ. ಬೆಂಗಳೂರು ಸಮುದ್ರ ಮಟ್ಟಕ್ಕಿಂತ ಸುಮಾರು 920 ಮೀಟರ್ ಎತ್ತರದಲ್ಲಿದೆ ಎಂಬುದು ಎಲ್ಲರಿಗೂ ಗೊತ್ತು. ಇಲ್ಲಿ ಅನ್ನದ ನೀರು ನೂರು ಡಿಗ್ರಿಗೆ ಮುಂಚೆ, ಸುಮಾರು 97ಕ್ಕೇ ಕುದಿಯುವುದು ಅದರಿಂದಲೇ. ಆದರೆ ಆ ಎತ್ತರ ಊರಿನ ಎಲ್ಲ ಕಡೆಯೂ ಒಂದೇ ಸಮನಾಗಿಲ್ಲ. ಉತ್ತರದಿಂದ ದಕ್ಷಿಣಕ್ಕೆ, ತುಸು ಓರೆಯಾಗಿ, ಊರಿನ ನಡುವೆ ಒಂದು ದಿಣ್ಣೆ ಹಾದುಹೋಗಿದೆ. ನಗರದ ಅತಿ ಎತ್ತರದ ಜಾಗವೆಂದು ಹೆಸರಾದ, 962 ಮೀಟರಿನ ದೊಡ್ಡಬೆಟ್ಟಹಳ್ಳಿ ಇದೇ ಸಾಲಿನ ಉತ್ತರದ ಕೊನೆಯಲ್ಲಿದೆ. ಹೆಂಚಿನ ಮನೆಯ ಮಾಡಿನ ನೆತ್ತಿಯನ್ನು ನೆನೆದುಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ. ನೆತ್ತಿಯ ಈಚೆಗೆ ಬಿದ್ದ ಮಳೆ ಈಚೆಯ ಅಂಗಳಕ್ಕೆ, ಆಚೆಗೆ ಬಿದ್ದದ್ದು ಆಚೆಯ ಓಣಿಗೆ. ಪಶ್ಚಿಮಕ್ಕೆ ಬಿದ್ದ ನೀರು ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಗೆ ಸೇರುತ್ತದೆ. ಪೂರ್ವಕ್ಕೆ ಬಿದ್ದದ್ದು ಕೋರಮಂಗಲ ಮತ್ತು ಹೆಬ್ಬಾಳದ ಕಣಿವೆಗಳಲ್ಲಿ ಹರಿದು ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಶಾಲೆಯ ಪುಸ್ತಕದಲ್ಲಿ ಇದಕ್ಕೆ ಜಲವಿಭಾಜಕ ಎನ್ನುತ್ತಾರೆ.

ಹಾಗಾಗಿ ತೀರ್ಮಾನವಾಯಿತು. ಲಾಲ್‌ಬಾಗಿನ ಬಂಡೆಯ ಮೇಲಿರುವ ಕೆಂಪೇಗೌಡ ಗೋಪುರದಿಂದ ಹೊರಟು, ಆದಷ್ಟೂ ದಿಣ್ಣೆಯ ಮೇಲೆಯೇ ನಡೆದು, ಮೇಕ್ರಿ ವೃತ್ತದ ಬಳಿಯ ಉತ್ತರದ ಗೋಪುರ ಮುಟ್ಟುವುದು. ದಾರಿ ಸುಮಾರು ಹತ್ತು ಕಿಲೋಮೀಟರ್. ದಿನ, ಕಡಲೆಕಾಯಿ ಪರಿಷೆ ಮುಗಿದ ಮೇಲಿನ ಮೊದಲ ಭಾನುವಾರ.

ಒಂದೇ ಒಂದು ಅನುಮಾನ ಉಳಿದಿತ್ತು. ಅಚ್ಚುಕೂಟದವರು ಮೂರು ವಾರಗಳಿಂದ ಬ್ಯಾಂಕಿನವರ ಜೊತೆ ಮಾತು ಬಿಟ್ಟಿದ್ದರು. ಫೋನ್ ಮಾಡಿದರೆ ತೆಗೆಯುತ್ತಿರಲಿಲ್ಲ. ಬೆಳಗಿನ ವಾಯುವಿಹಾರಕ್ಕೆ ಬೇರೆ ದಾರಿ ಹಿಡಿದಿದ್ದರು. ಕಾರಣ ಏನೆಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಭಾನುವಾರ ಬೆಳಗ್ಗೆ ಆರಕ್ಕೆ ಲಾಲ್‌ಬಾಗಿನ ಪಶ್ಚಿಮ ದ್ವಾರ ತೆರೆದಾಗ, ಫ್ಲಾಸ್ಕು ಹಿಡಿದು ಎಲ್ಲರಿಗಿಂತ ಮೊದಲೇ ಬಂದು ನಿಂತಿದ್ದವರು ಅವರೇ. ‘ಕಾಫಿ ತಂದಿದೀನಿ, ಕುಡಿಯೋರು ಕುಡೀಬಹುದು’ ಎಂದು ಆಕಾಶ ನೋಡಿಕೊಂಡು ಹೇಳಿದರು.

ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಭೂಮಿಯ ವಯಸ್ಸೇ ಸುಮಾರು 450 ಕೋಟಿ ವರ್ಷ. ಡಬ್ಲ್ಯು.ಎಫ್. ಸ್ಮೀತ್ ಎಂಬ ಮೈಸೂರು ಸಂಸ್ಥಾನದ ಭೂವಿಜ್ಞಾನಿ ದಕ್ಷಿಣ ಭಾರತದ ಈ ಬಗೆಯ ಶಿಲೆಗೆ ‘ಪೆನಿನ್ಸುಲಾರ್ ನೈಸ್’ ಎಂದು ಹೆಸರಿಟ್ಟಿದ್ದು 1916ರಲ್ಲಿ. ಈಗ ಈ ಬಂಡೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಬೆಳಗಿನ ಓರೆ ಬೆಳಕಿನಲ್ಲಿ ಅದರ ಮೇಲಿನ ಕಪ್ಪುಬಿಳುಪಿನ ಪಟ್ಟೆಗಳು ಚೆನ್ನಾಗಿ ಕಾಣುತ್ತವೆ. ನೆಲದಾಳದ ಶಾಖ, ಒತ್ತಡಗಳಿಗೆ ಸಿಕ್ಕಿ ಖನಿಜಗಳು ಪದರ ಪದರವಾಗಿ ಬೇರ್ಪಟ್ಟ ಗುರುತು ಅದು. ಬ್ಯಾಂಕಿನವರು ನಲವತ್ತು ವರ್ಷ ಈ ಬಂಡೆಯ ಮೇಲೆ ನಡೆದಿದ್ದರೂ ಆ ಪಟ್ಟೆಗಳನ್ನು ಬಗ್ಗಿ ನೋಡಿದ್ದು ಅದೇ ಮೊದಲು. ‘ಇದನ್ನ ಮೊದಲೇ ಹೇಳೋಕೇನಾಗಿತ್ತೋ?’ ಎಂದರೆ, ‘ನೀನು ಊರು ಬಿಡ್ತೀನಿ ಅಂತ ಯಾವತ್ತು ಹೇಳಿದ್ದೆ?’ ಎಂದು ಇಲಾಖೆಯವರು ನಕ್ಕರು. ಅಚ್ಚುಕೂಟದವರು ನಗಲಿಲ್ಲ.

ಅಲ್ಲಿಂದ ಗಾಂಧಿಬಜಾರಿಗೆ ಬಂದರು. ರಸ್ತೆ ನಿಧಾನವಾಗಿ ಏರುತ್ತಲೇ ಇರುತ್ತದೆ. ಸ್ಕೂಟರಿನಲ್ಲಿ ಹೋಗುವವರಿಗೆ ಅದು ತಿಳಿಯದು, ಅರವತ್ತೆಂಟರ ಮಂಡಿಗೆ ಚೆನ್ನಾಗಿ ತಿಳಿಯುತ್ತದೆ. 1898ರಲ್ಲಿ ಪೇಟೆಗೆ ಪ್ಲೇಗು ಬಂದಾಗ ಜನ ಬಸವನಗುಡಿಗೂ ಮಲ್ಲೇಶ್ವರಕ್ಕೂ ವಲಸೆ ಬಂದರು. ಇಕ್ಕಟ್ಟಾದ ಪೇಟೆಯಿಂದ ಗಾಳಿಬೆಳಕಿನ ಜಾಗಕ್ಕೆ ಬಂದ ಆ ಮನೆತನಗಳೂ ಅಂದು ಒಂದು ಊರು ಬಿಟ್ಟು ಬಂದವೇ. ಬ್ಯಾಂಕಿನವರ ಅಜ್ಜ ಬಳೇಪೇಟೆಯಿಂದ ಬಂದವರು. ಪೇಟೆಯಲ್ಲಿ ಉಳಿದ ಬಂಧುಗಳು ಅವರಿಗೂ ‘ಕಾಡಿಗೆ ಹೋಗ್ತಿದೀರಲ್ಲ’ ಎಂದಿದ್ದರಂತೆ.

ಬ್ಯೂಗಲ್ ರಾಕ್ ಹತ್ತಿದಾಗ ಏಳು ಗಂಟೆ. ಪರಿಷೆಯ ಕಡಲೆಕಾಯಿ ಸಿಪ್ಪೆ ಇನ್ನೂ ರಸ್ತೆಯಂಚಿನಲ್ಲಿತ್ತು. ಇಲಾಖೆಯವರು ಬಾಟಲಿಯ ನೀರನ್ನು ಬಂಡೆಯ ನೆತ್ತಿಯ ಮೇಲೆ ತೆಳ್ಳಗೆ ಸುರಿದರು. ಒಂದು ಗೆರೆ ಪಶ್ಚಿಮಕ್ಕೆ ಜಾರಿತು, ಇನ್ನೊಂದು ಪೂರ್ವಕ್ಕೆ. ‘ಇದು ಕೆಂಪಾಂಬುಧಿ ಕಡೆಗೆ, ಅದು ಲಾಲ್‌ಬಾಗ್ ಕೆರೆ ಕಡೆಗೆ’ ಎಂದರು. ಬಸವನ ಪಾದದಿಂದ ವೃಷಭಾವತಿ ಹುಟ್ಟಿತೆಂಬ ಕಥೆ ಎಲ್ಲರಿಗೂ ಗೊತ್ತು. ಕಥೆ ಕಟ್ಟಿದವರಿಗೆ ನೀರು ಯಾವ ಕಡೆ ಇಳಿಯುತ್ತದೆಂಬುದೂ ಸರಿಯಾಗಿಯೇ ಗೊತ್ತಿತ್ತು ಎನ್ನಬೇಕು.

ಪೂರ್ವಕ್ಕೆ ಹೋದ ಗೆರೆಯನ್ನು ಎ.ಜಿ. ಆಫೀಸಿನವರು ಲೆಕ್ಕಪತ್ರ ತಪಾಸಣೆಯವರ ಶ್ರದ್ಧೆಯಿಂದ ಹಿಂಬಾಲಿಸಿದರು. ಲಾಲ್‌ಬಾಗ್ ಆದ ಮೇಲೆ? ಕೋರಮಂಗಲದ ಕಣಿವೆ. ಆಮೇಲೆ? ಬೆಳ್ಳಂದೂರು ಕೆರೆ. ಅಲ್ಲಿಂದ? ವರ್ತೂರು ಕೆರೆ. ‘ಅಂದ್ರೆ ಈ ನೀರು ನಿನಗಿಂತ ಮುಂಚೆ ನಿಮ್ಮನೆ ಹತ್ರ ಇರುತ್ತೆ ಬಿಡು!’ ಹೊರಡುವವರು ಕೂಡಲೇ ಉತ್ತರ ಕೊಟ್ಟರು: ‘ಹೌದು, ನೀವೆಲ್ಲ ಇಲ್ಲಿಂದ ಕಳಿಸಿದ್ದನ್ನ ಹನ್ನೊಂದನೇ ಮಹಡಿಯಿಂದ ನೋಡ್ತಾ ಕೂತಿರ್ತೀನಿ. ಸ್ವಲ್ಪ ಸೋಪು ಕಡಿಮೆ ಹಾಕಿ.’

ನಗೆಯ ಹಿಂದೆ ನಿಜವಿತ್ತು. ಬೆಳ್ಳಂದೂರು, ವರ್ತೂರು ಕೆರೆಗಳ ನೊರೆ ರಸ್ತೆಗೆ ಹಾರಿದ್ದು, 2017 ಮತ್ತು 2018ರಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದಿದ್ದು ದೇಶವೆಲ್ಲ ನೋಡಿದ ಸಂಗತಿ. ಸ್ನಾನಗೃಹದ ನೀರು ಒಳಚರಂಡಿಯಲ್ಲಿ ಶುದ್ಧೀಕರಣ ಘಟಕಕ್ಕೆ ಹೋಗದೆ ರಾಜಕಾಲುವೆಗೆ ಹೋದರೆ ಅದರೊಳಗಿನ ಮಾರ್ಜಕ ಕೆರೆಯಲ್ಲಿ ಸೇರುತ್ತದೆ. ಕೋಡಿಯಲ್ಲಿ ಧುಮುಕುವಾಗ ಗಾಳಿ ಬೆರೆತು ನೊರೆಯೇಳುತ್ತದೆ. ದಿಣ್ಣೆಯ ಮೇಲೆ ಕೂತವರಿಗೆ ತಮ್ಮ ನೀರು ಎಲ್ಲಿಗೆ ಹೋಯಿತೆಂಬ ಚಿಂತೆ ಇರುವುದಿಲ್ಲ. ಗೆಳೆಯನೊಬ್ಬ ಕೆಳಗಿನ ಕೆರೆಯ ದಡಕ್ಕೆ ಮನೆ ಮಾಡಿದಾಗ ಮಾತ್ರ ಆ ವಿಳಾಸ ತಿಳಿಯುತ್ತದೆ.

ಚಾಮರಾಜಪೇಟೆಯಲ್ಲಿ ಸಾಹಿತ್ಯ ಪರಿಷತ್ತಿನ ಕಟ್ಟಡ ದಾಟಿದ ಮೇಲೆ ಅಚ್ಚುಕೂಟವಿದ್ದ ಅಡ್ಡರಸ್ತೆ ಬಂತು. ಮೊಳೆ ಜೋಡಿಸುವ ಕಾಲದಲ್ಲಿ ಆ ರಸ್ತೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಟ್ರೆಡಲ್ ಯಂತ್ರದ ಸದ್ದು. ಮದುವೆಯ ಲಗ್ನಪತ್ರಿಕೆಯಿಂದ ಪಂಚಾಂಗದವರೆಗೆ ಎಲ್ಲವೂ ಅಲ್ಲಿ ಅಚ್ಚಾಗುತ್ತಿತ್ತು. ಈಗ ಬಾಗಿಲಿಗೆ ಬೀಗ, ಮುಂದೆ ಎರಡು ಸ್ಕೂಟರು. ಹಿಂದಿನ ಭಾಗದಲ್ಲಿ ಅವರೊಬ್ಬರೇ ವಾಸ. ಹೆಂಡತಿ ತೀರಿಕೊಂಡು ಆರು ವರ್ಷವಾಯಿತು. ನಾಲ್ವರೂ ಒಂದು ಗಳಿಗೆ ನಿಂತರು. ‘ನಡೀರಿ, ನಡೀರಿ, ಬಿಸಿಲೇರುತ್ತೆ’ ಎಂದು ಅಚ್ಚುಕೂಟದವರೇ ಅವಸರಪಡಿಸಿದರು.

ದಿಣ್ಣೆಯ ಗೆರೆಯೇನೂ ರಸ್ತೆಯಂತೆ ನೇರವಾಗಿಲ್ಲ. ಕೃಷ್ಣರಾಜೇಂದ್ರ ಮಾರುಕಟ್ಟೆಯ ಹತ್ತಿರ ರಸ್ತೆ ಅದನ್ನು ಬಿಟ್ಟು ತಗ್ಗಿಗೆ ಇಳಿದು, ಅವೆನ್ಯೂ ರಸ್ತೆಯಲ್ಲಿ ಮತ್ತೆ ಏರುತ್ತದೆ. ಇದೇ ಹಳೆಯ ದೊಡ್ಡಪೇಟೆ. ದೊಡ್ಡಪೇಟೆ, ಚಿಕ್ಕಪೇಟೆಗಳು ಕೂಡುವ ಕಡೆ 1537ರಲ್ಲಿ ಕೆಂಪೇಗೌಡರು ನಾಲ್ಕು ದಿಕ್ಕಿಗೆ ನೇಗಿಲು ಹೂಡಿಸಿದರೆಂಬುದು ಪ್ರತೀತಿ. ಊರು ಕಟ್ಟಿದವರು ನೀರನ್ನೂ ನೋಡಿ ಕಟ್ಟಿದ್ದರು. ಪಶ್ಚಿಮದ ಇಳಿಜಾರಿನಲ್ಲಿ ಧರ್ಮಾಂಬುಧಿ, ಕೆಂಪಾಂಬುಧಿ. ಪೂರ್ವದ ಇಳಿಜಾರಿನಲ್ಲಿ ಸಂಪಂಗಿ ಕೆರೆ. ಈಗ ಧರ್ಮಾಂಬುಧಿ ಇದ್ದಲ್ಲಿ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣ, ಸಂಪಂಗಿ ಇದ್ದಲ್ಲಿ ಕಂಠೀರವ ಕ್ರೀಡಾಂಗಣ. ದೊಡ್ಡ ಮಳೆಗೆ ಈ ತಗ್ಗುಗಳಲ್ಲಿ ನೀರು ನಿಂತರೆ ಅದು ಹಳೆಯ ಜಾಗಕ್ಕೇ ಬಂದಿದೆ ಎಂದು ತಿಳಿಯಬೇಕು. ದೊಡ್ಡ ನದಿಯೊಂದೂ ಇಲ್ಲದ ಊರಿಗೆ ಕೆರೆಯೇ ಗತಿಯಾಗಿತ್ತು.

ಮೈಸೂರು ಬ್ಯಾಂಕ್ ವೃತ್ತ ದಾಟಿ, ಅರಮನೆ ರಸ್ತೆ ಹಿಡಿದು, ಹೈಗ್ರೌಂಡ್ಸ್ ತಲುಪುವ ಹೊತ್ತಿಗೆ ಒಂಬತ್ತಾಗಿತ್ತು. ಎತ್ತರದ ನೆಲ ಎಂದು ಹೆಸರಿನಲ್ಲೇ ಇದೆ. ಊರಿಗೆ ನೀರು ಹಂಚುವ ಜಲಾಗಾರವೊಂದು ಇಲ್ಲಿರುವುದೂ ಅದಕ್ಕೇ. ಎತ್ತರದಲ್ಲಿ ಕೂಡಿಟ್ಟ ನೀರು ತಾನಾಗಿಯೇ ಇಳಿದು ಮನೆಮನೆಗೆ ಹೋಗುತ್ತದೆ. ಬೆಂಗಳೂರಿನ ಬಾಯಾರಿಕೆಯ ಚರಿತ್ರೆಯೆಲ್ಲ ದಿಣ್ಣೆಯ ಪಶ್ಚಿಮದ ನದಿಗಳದು. 1890ರ ದಶಕದಲ್ಲಿ ಅರ್ಕಾವತಿಯ ಹೆಸರಘಟ್ಟ ಕೆರೆ. 1933ರಲ್ಲಿ ಅರ್ಕಾವತಿಗೆ ಕುಮುದ್ವತಿ ಸೇರುವಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ. ಆ ಕುಮುದ್ವತಿ ಹುಟ್ಟುವುದು ಇವರು ಹುಡುಗರಾಗಿದ್ದಾಗ ಹತ್ತಿದ ಶಿವಗಂಗೆಯಲ್ಲೇ. ಅದೂ ಸಾಲದಾಗಿ 1974ರಲ್ಲಿ ಕಾವೇರಿ ಬಂತು. ನೂರು ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಮೇಲಕ್ಕೆ. ಒಂದು ಸಾವಿರ ಲೀಟರ್ ನೀರನ್ನು ಅಷ್ಟು ಎತ್ತಲು, ಯಂತ್ರದಲ್ಲಿ ಏನೂ ನಷ್ಟವಾಗದಿದ್ದರೂ, ಸುಮಾರು 1.4 ಯೂನಿಟ್ ವಿದ್ಯುತ್ ಬೇಕು. ಹೀಗೆ ಹತ್ತಿಸಿದ ಕಾವೇರಿಯನ್ನು ದಿಣ್ಣೆಯ ಪೂರ್ವದ ಮನೆಗಳು ಬಳಸಿ ಪಿನಾಕಿನಿಯ ಕಡೆ ಬಿಡುತ್ತವೆ. ಅದರಲ್ಲಿ ಒಂದು ಪಾಲನ್ನು ಸಂಸ್ಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಏರಿಸಲಾಗುತ್ತಿದೆ. ಪ್ರಕೃತಿ ಎರಡು ಮಾಡಿದ್ದನ್ನು ಪಂಪು ಒಂದು ಮಾಡಿದೆ.

ಅಲ್ಲಿ ಮರದ ನೆರಳಿನ ಕಟ್ಟೆಯೊಂದರ ಮೇಲೆ ಕೂತರು. ಫ್ಲಾಸ್ಕಿನ ಕೊನೆಯ ಕಾಫಿ ಒಂದೇ ಲೋಟದಷ್ಟಿತ್ತು. ಅಚ್ಚುಕೂಟದವರು ಅದನ್ನು ಬ್ಯಾಂಕಿನವರ ಕಡೆ ಚಾಚಿದರು. ಎ.ಜಿ. ಆಫೀಸಿನವರೂ ಇಲಾಖೆಯವರೂ ಎದುರಿನ ಮರವನ್ನು ಆಸಕ್ತಿಯಿಂದ ನೋಡತೊಡಗಿದರು.

‘ನೀನು ಹೋಗ್ತಿರೋದಕ್ಕೆ ನನಗೆ ಕೋಪ ಇಲ್ಲ ಕಣೋ’ ಎಂದರು ಅಚ್ಚುಕೂಟದವರು. ‘ಮಗಳು ಕರೆದರೆ ಹೋಗ್ಬೇಕಾದ್ದೇ. ಮನೆ ಮಾರಿದೀಯ ಅಂತ ಹೂವಿನವಳು ನನಗೆ ಹೇಳಿದಳಲ್ಲ, ಅದು. ಐವತ್ತು ವರ್ಷದ ಮೇಲೆ ಹೂವಿನವಳಿಂದ ತಿಳ್ಕೋಬೇಕಾ?’

ಬ್ಯಾಂಕಿನವರು ಕಾಫಿ ಮುಗಿಸುವ ತನಕ ಮಾತಾಡಲಿಲ್ಲ. ಆಮೇಲೆ ಹೇಳಿದರು: ‘ಎಲ್ರಿಗೂ ಹೇಳ್ದೆ. ನಿನಗೆ ಹೇಳಿಬಿಟ್ರೆ ನಿಜವಾಗಿಬಿಡುತ್ತೆ ಅನ್ನಿಸ್ತು. ನಾಳೆ, ನಾಡಿದ್ದು ಅಂತ ತಳ್ತಾ ಹೋದೆ. ಅಷ್ಟರಲ್ಲಿ ನೀನು ಫೋನೇ ತೆಗೀಲಿಲ್ಲ.’

ಅಷ್ಟೇ. ಮತ್ತೆ ಆ ವಿಷಯ ಬರಲಿಲ್ಲ. ಎದ್ದು ನಡೆಯುವಾಗ ಬ್ಯಾಂಕಿನವರ ಮಂಡಿ ಹಿಡಿದುಕೊಂಡಿತು. ಅಚ್ಚುಕೂಟದವರು ಬೈಯುತ್ತಲೇ ತೋಳು ಕೊಟ್ಟರು.

ವಿದಾಯವೆಂದರೆ ಹೊರಡುವವರ ದುಃಖ ಎಂದೇ ಎಲ್ಲರೂ ತಿಳಿಯುವುದು. ಹೊರಡುವವರಿಗೆ ಸಾಮಾನು ಕಟ್ಟುವ, ಬಿಚ್ಚುವ ಕೆಲಸವಿರುತ್ತದೆ. ಹೊಸ ಬಾಗಿಲು, ಹೊಸ ಕಿಟಕಿ, ಮೊಮ್ಮಗುವಿನ ಶಾಲೆಯ ಹೊತ್ತು. ಉಳಿದವರಿಗೆ ಅದೇ ಬಜಾರು, ಅದೇ ಹೊತ್ತು. ಪಕ್ಕದಲ್ಲಿ ಒಬ್ಬರು ಕಡಿಮೆ. ಈ ನಡಿಗೆ ಹೆಚ್ಚು ಬೇಕಾಗಿದ್ದುದು ಅಚ್ಚುಕೂಟದವರಿಗೆ ಎಂಬುದು ಉಳಿದ ಮೂವರಿಗೂ ಆಗ ಹೊಳೆಯಿತು.

ಮೇಕ್ರಿ ವೃತ್ತದ ಬಳಿಯ ಗೋಪುರ ಸಿಕ್ಕಾಗ ಹತ್ತೂವರೆ. ಸುತ್ತ ವಾಹನಗಳ ಮೊರೆತ, ಉದ್ಯಾನದ ಒಳಗೆ ಮಾತ್ರ ಹಕ್ಕಿಯ ಸದ್ದು. ಲಾಲ್‌ಬಾಗ್, ಕೆಂಪಾಂಬುಧಿ, ಹಲಸೂರು ಮತ್ತು ಇಲ್ಲಿ, ಹೀಗೆ ನಾಲ್ಕು ದಿಕ್ಕಿಗೆ ನಾಲ್ಕು ಗೋಪುರಗಳು. ಊರು ಬೆಳೆದರೆ ಇಲ್ಲಿಯತನಕ ಎಂದು ಕೆಂಪೇಗೌಡರ ವಂಶದವರು ನೆಟ್ಟ ಗುರುತೆಂದು ಜನ ಹೇಳುತ್ತಾರೆ. ಊರು ಆ ಮಾತನ್ನು ಎಂದೋ ಮೀರಿತು. ವರ್ತೂರು ಪೂರ್ವದ ಗೋಪುರದಿಂದಲೂ ಬಹಳ ದೂರ. ‘ಲೆಕ್ಕದ ಪ್ರಕಾರ ನೀನು ಬೆಂಗಳೂರು ಬಿಟ್ಟ ಹಾಗೇ’ ಎಂದು ಎ.ಜಿ. ಆಫೀಸಿನವರು ಷರಾ ಬರೆದರು.

ಇಲಾಖೆಯವರು ಅದನ್ನು ಒಪ್ಪಲಿಲ್ಲ. ಬ್ಯೂಗಲ್ ರಾಕಿನ ಎರಡು ನೀರಿನ ಗೆರೆಗಳನ್ನು ನೆನಪಿಸಿದರು. ಪಶ್ಚಿಮದ್ದು ಕಾವೇರಿಯೊಡನೆ ಪೂಂಪುಹಾರಿನಲ್ಲಿ ಸಮುದ್ರ ಸೇರುತ್ತದೆ. ಪೂರ್ವದ್ದು ಪಿನಾಕಿನಿಯಾಗಿ, ತಮಿಳುನಾಡಿನಲ್ಲಿ ತೆನ್‌ಪೆಣ್ಣೈ ಎಂಬ ಹೆಸರು ಹೊತ್ತು, ಕಡಲೂರಿನಲ್ಲಿ ಸೇರುತ್ತದೆ. ಎರಡಕ್ಕೂ ನಡುವೆ ನೂರು ಕಿಲೋಮೀಟರ್ ಕೂಡ ಇಲ್ಲ. ‘ಒಂದೇ ಬಂಡೆ ಮೇಲಿಂದ ಹೊರಟು, ಅಷ್ಟೆಲ್ಲ ಸುತ್ತಿ, ಅಕ್ಕಪಕ್ಕದಲ್ಲೇ ಹೋಗಿ ಬೀಳುತ್ವೆ’ ಎಂದರು. ‘ನಮಗೆ ಅಷ್ಟು ಪುರುಸೊತ್ತಿಲ್ಲ. ಬುಧವಾರ ಬುಧವಾರ ಬಂದ್ಬಿಡ್ಲಿ’ ಎಂದರು ಅಚ್ಚುಕೂಟದವರು.

ಇಳಿಯುವ ದಾರಿ ಸದಾಶಿವನಗರದಿಂದ 1882ರ ಸ್ಯಾಂಕಿ ಕೆರೆಯ ಏರಿಗೆ, ಅಲ್ಲಿಂದ ಮಲ್ಲೇಶ್ವರಕ್ಕೆ. ಕಾಡುಮಲ್ಲೇಶ್ವರನ ಎದುರಿನ ದಕ್ಷಿಣಮುಖ ನಂದಿ ತೀರ್ಥದಲ್ಲಿ ಕಲ್ಲಿನ ನಂದಿಯ ಬಾಯಿಂದ ನೀರು ಸುರಿಯುತ್ತಿತ್ತು. 1990ರ ದಶಕದ ಕೊನೆಯವರೆಗೆ ಈ ಕಲ್ಯಾಣಿ ಮಣ್ಣಿನಡಿ ಮುಚ್ಚಿಹೋಗಿತ್ತು. ವೃಷಭಾವತಿ ಹುಟ್ಟಿದ್ದು ತಮ್ಮ ನಂದಿಯಿಂದ ಎಂಬುದು ಮಲ್ಲೇಶ್ವರದವರ ವಾದ. ಎರಡೂ ಕಡೆಯ ತೊರೆಗಳು ಒಂದೇ ಕಣಿವೆಗೆ ಇಳಿಯುವುದರಿಂದ ಈ ಜಗಳದಲ್ಲಿ ಇಬ್ಬರೂ ಗೆಲ್ಲಬಹುದು. ಸಿಟಿಆರ್‌ನಲ್ಲಿ ಅರ್ಧ ಗಂಟೆ ಕಾದು ಬೆಣ್ಣೆ ಮಸಾಲೆ ತಿಂದರು. ವೈದ್ಯರು ನಡೆಯುವುದರ ಬಗ್ಗೆ ಮಾತ್ರ ಹೇಳಿದ್ದರು ಎಂಬುದು ಅವರ ಸಮರ್ಥನೆ.

ವಾಪಸು ಬಂದದ್ದು ಸಂಪಿಗೆ ರಸ್ತೆಯ ನಿಲ್ದಾಣದಿಂದ ಮೆಟ್ರೊದಲ್ಲಿ. 2017ರಿಂದ ಓಡುತ್ತಿರುವ ಈ ಸುರಂಗ ಮೆಜೆಸ್ಟಿಕ್, ಚಿಕ್ಕಪೇಟೆ, ಮಾರುಕಟ್ಟೆಗಳ ಅಡಿಯಲ್ಲಿ ಅದೇ ಹಳೆಯ ಶಿಲೆಯನ್ನು ಕೊರೆದು ಬಂದಿದೆ. ಮೇಲೆ ಗಂಟೆಗಟ್ಟಲೆ ನಡೆದ ಊರು ಕೆಳಗೆ ಹತ್ತು ನಿಮಿಷದಲ್ಲಿ ಮುಗಿದುಹೋಯಿತು. ಬಾಗಿಲ ಮೇಲಿನ ನಕ್ಷೆಯಲ್ಲಿ ಅಚ್ಚುಕೂಟದವರು ಬೆರಳಿಟ್ಟು ನೋಡುತ್ತಿದ್ದರು. ಮೆಜೆಸ್ಟಿಕ್ಕಿನಲ್ಲಿ ಹಸಿರಿನಿಂದ ನೇರಳೆಗೆ ಬದಲಾಯಿಸಬೇಕು. ಅಲ್ಲಿಂದ ವೈಟ್‌ಫೀಲ್ಡಿನವರೆಗೆ 2023ರಿಂದ ಒಂದೇ ರೈಲು. ‘ಹಿರಿಯರ ಸೀಟು ಖಾಲಿ ಇರುತ್ತಾ?’ ಎಂದು ಕೇಳಿದರು. ‘ಇರಲ್ಲ, ಆದ್ರೆ ಎದ್ದು ಕೊಡ್ತಾರೆ’ ಎಂದರು ಬ್ಯಾಂಕಿನವರು.

ಗಾಂಧಿಬಜಾರಿನ ಮನೆಯ ಮುಂದೆ ಸಾಮಾನಿನ ಲಾರಿ ಮರುದಿನಕ್ಕೆ ಗೊತ್ತಾಗಿತ್ತು. ಒರಳುಕಲ್ಲು ಆಗಲೇ ಅಕ್ಕನ ಮನೆಗೆ ಹೋಗಿತ್ತು. ತುಳಸಿಯದು ಮಾತ್ರ ತೀರ್ಮಾನವಾಗಿರಲಿಲ್ಲ. ಹನ್ನೊಂದನೆಯ ಮಹಡಿಯ ಬಾಲ್ಕನಿಗೆ ಬಿಸಿಲು ಬರುವುದಿಲ್ಲ ಎಂದು ಶ್ರೀಮತಿಯವರ ಕೊರಗು. ಅಚ್ಚುಕೂಟದವರು ಏನೂ ಹೇಳದೆ ಬುಡದ ಮಣ್ಣು ಸಮೇತ ಗಿಡವನ್ನು ಒಂದು ಹಳೆಯ ಬಕೆಟ್ಟಿಗೆ ಎಬ್ಬಿಸಿಕೊಂಡರು. ಆಟೊ ಹತ್ತಿ, ಬಕೆಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು, ‘ನೀರು ಹಾಕೋದಕ್ಕೆ ನನಗೆ ಸರಿಯಾಗಿ ಬರಲ್ಲ. ಬುಧವಾರ ಬಂದು ನೋಡ್ಕೊಂಡು ಹೋಗಿ’ ಎಂದರು.

ಆಟೊ ಚಾಮರಾಜಪೇಟೆಯ ಕಡೆಗೆ ದಿಣ್ಣೆ ಇಳಿಯಿತು.